ಪದವಿ ಶಿಕ್ಷಣದ ವೆಚ್ಚ: ಉದ್ಯಮದ ಪಾಲೆಷ್ಟು?

ಬೆಂಗಳೂರಿನ ಕೊಳಚೆಯನ್ನು ಹೊತ್ತು ಹರಿಯುವ ವೃಷಭಾವತಿಯು ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಆ ನೀರನ್ನು ಶುದ್ಧೀಕರಿಸಬಲ್ಲ, ಅದರಿಂದ ಬೆಳೆದ ಮೇವನ್ನೂ ಮಣ್ಣನ್ನೂ ಪರೀಕ್ಷಿಸಬಲ್ಲ ತಜ್ಞರು ಈ ಭಾಗಕ್ಕೆ ಅತ್ಯವಶ್ಯ. ಅಂತಹವರನ್ನು ರೂಪಿಸುವ ಪದವಿಯ ವೆಚ್ಚವನ್ನು ಭರಿಸಬೇಕಾದವರು ಯಾರು?

ಮೈಸೂರು ಸಂಸ್ಥಾನವು 1916ರಲ್ಲಿ ವಿಶ್ವವಿದ್ಯಾನಿಲಯವನ್ನೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿತು. ಬೇಡಿಕೆ ಹೆಚ್ಚಿದಂತೆ ಶುಲ್ಕವನ್ನೇ ಅವಲಂಬಿಸಿದ ಸ್ವಹಣಕಾಸು ಪದವಿಗಳು ಬೆಳೆದವು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕವು 1984ರಲ್ಲಿಯೇ ಕಾಯಿದೆ ರೂಪಿಸಿತು. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಅನುದಾನರಹಿತ ಸಂಸ್ಥೆಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ನೀಡಿತಾದರೂ, ಲಾಭಕೋರತನಕ್ಕೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು.

ಸ್ವಹಣಕಾಸು ಪದವಿಗಳ ಗುಣವೆಂದರೆ ವೇಗ. ಮಾರುಕಟ್ಟೆ ಬಯಸಿದ ವಿಷಯವನ್ನು ಅವು ಸರ್ಕಾರದ ಅನುದಾನಕ್ಕೆ ಕಾಯದೆ ಆರಂಭಿಸಬಲ್ಲವು. ಆದರೆ ವಿದ್ಯಾರ್ಥಿಯ ಶುಲ್ಕವೊಂದೇ ಆದಾಯವಾದಾಗ, ಹೆಚ್ಚು ಸಂಬಳ ತರುವ ವಿಷಯಗಳಿಗೇ ಆದ್ಯತೆ ದೊರೆಯುವುದು ಸಹಜ. ಕೆರೆಯ ನೀರನ್ನು ಶುದ್ಧಗೊಳಿಸುವ ವಿದ್ಯೆಯ ಫಲ ಇಡೀ ಊರಿಗೆ ದೊರೆಯುತ್ತದೆ. ಅದರ ಶುಲ್ಕವನ್ನು ಮಾತ್ರ ಒಬ್ಬ ರೇಷ್ಮೆ ಬೆಳೆಗಾರನ ಮಗಳು ತೆರಬೇಕೆನ್ನುವುದು ನ್ಯಾಯವಲ್ಲ. ಸಾಲ ಮಾಡಿ ಓದಿದವಳು ಸ್ಥಳೀಯ ಸಣ್ಣ ಕೈಗಾರಿಕೆಯ ಅಲ್ಪ ವೇತನಕ್ಕೆ ಒಪ್ಪುವುದೂ ಕಷ್ಟ. ಸರ್ಕಾರಿ ಪದವಿಯ ಶುಲ್ಕ ಬಡವರ ಕೈಗೆಟಕುತ್ತದೆ, ನಿಜ. ಆದರೆ ಅಧ್ಯಾಪಕ ಹುದ್ದೆಗಳು ಖಾಲಿ ಉಳಿದು ಪ್ರಯೋಗಾಲಯ ಹಳತಾದರೆ ಆ ಅಗ್ಗದ ಶುಲ್ಕವೂ ದುಬಾರಿಯೇ.

ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು 2007ರಲ್ಲಿ ಗ್ರಾಮೀಣ ಬಡ ವಿದ್ಯಾರ್ಥಿಗಳಿಗಾಗಿ ತಾಂತ್ರಿಕ ತರಬೇತಿ ಕೇಂದ್ರವನ್ನು ತೆರೆಯಿತು. ಅದು ಪದವಿಯಲ್ಲ, ಆದರೂ ಕುಶಲ ಕೆಲಸಗಾರರಿಂದ ಲಾಭ ಪಡೆಯುವವನು ಅವರ ಶಿಕ್ಷಣದಲ್ಲಿಯೂ ಪಾಲುಗೊಳ್ಳಬಹುದೆಂಬುದಕ್ಕೆ ನಿದರ್ಶನ.

ಆದುದರಿಂದ ಸಾರ್ವಜನಿಕ ಹಿತದ ವಿಷಯಗಳನ್ನು ಸರ್ಕಾರವೇ ಪೋಷಿಸಬೇಕು. ಸ್ವಹಣಕಾಸು ಸಂಸ್ಥೆಗಳು ತಮ್ಮ ಆದಾಯ-ವೆಚ್ಚವನ್ನು ಪೋಷಕರ ಮುಂದಿಡಬೇಕು. ವಾಣಿಜ್ಯೋದ್ಯಮ ಸಂಘಗಳು ತಮ್ಮ ಪ್ರದೇಶದ ಸರ್ಕಾರಿ ಕಾಲೇಜಿಗೆ ಯಂತ್ರೋಪಕರಣ, ವಿದ್ಯಾರ್ಥಿವೇತನ ಹಾಗೂ ಕಾರ್ಖಾನೆಯೊಳಗಿನ ತರಬೇತಿಯನ್ನು ಒದಗಿಸಬೇಕು. ನುರಿತ ಪದವೀಧರರು ದೊರೆಯುತ್ತಿಲ್ಲವೆಂದು ದೂರುವ ಉದ್ಯಮವು, ಅವರನ್ನು ರೂಪಿಸುವ ವೆಚ್ಚದಿಂದ ದೂರ ಉಳಿಯುವುದು ತರವಲ್ಲ.