ಕಾರಿನ ನೆತ್ತಿಯ ಮೇಲಿನ ಪೊಳ್ಳು ರೆಕ್ಕೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಡುವೆ ಓಡಾಡುವ ಬಾಡಿಗೆ ಕಾರುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅನೇಕ ಕಾರುಗಳ ನೆತ್ತಿಯ ಮೇಲೆ ಈಗ ಮೀನಿನ ಬೆನ್ನುರೆಕ್ಕೆಯಂಥ ಪ್ಲಾಸ್ಟಿಕ್ಕಿನ ಗೂಡೊಂದು ಕುಳಿತಿರುತ್ತದೆ. ಹಿಂದೆ ಅಲ್ಲಿ ಉದ್ದನೆಯ ಕಡ್ಡಿಯಿರುತ್ತಿತ್ತು. ಕಡ್ಡಿ ಅಂದಗೇಡು, ರೆಕ್ಕೆ ಅಂದ ಎಂಬುದು ಇಂದಿನವರ ಅಭಿರುಚಿ. ಅಭಿರುಚಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಆ ಗೂಡಿನೊಳಗೆ ಏನಿದೆ ಎಂದು ಕೇಳದೆ ಬಿಡುವುದು ವಿದ್ಯಾವಂತರಿಗೆ ತಕ್ಕುದಲ್ಲ.

ಅಂಟೆನಾವನ್ನು ಮರೆಮಾಡುವುದು ತಪ್ಪೇನಲ್ಲ. ಅಮೆರಿಕದಲ್ಲಿ 2001ರಲ್ಲಿ ಎಕ್ಸ್‌ಎಂ, 2002ರಲ್ಲಿ ಸಿರಿಯಸ್ ಎಂಬ ಉಪಗ್ರಹ ಬಾನುಲಿಗಳು ಕೇಳುಗರಿಗೆ ತೆರೆದುಕೊಂಡವು. 2008ರಲ್ಲಿ ಎರಡೂ ಕೂಡಿ ಒಂದಾದವು. ಅವುಗಳ ಅಂಟೆನಾ ಬಿಸ್ಕತ್ತಿನ ಗಾತ್ರದ್ದು, ಅಯಸ್ಕಾಂತದಿಂದ ಕಾರಿನ ಮಾಡಿಗೆ ಅಂಟುವಂಥದು. ಮೇಲೆ ಬಿಟ್ಟರೆ ಕಳ್ಳನ ಕಣ್ಣು, ಕೆಳಗೆ ತಂತಿಯ ಜಂಜಡ. ಆದುದರಿಂದ ಅದನ್ನು ಕಾರಖಾನೆಯಿಂದಲೇ ಬಂದ ಅಂಟೆನಾದ ಗೂಡಿನೊಳಗೆ ಸೇರಿಸುವ ಉಪಾಯವನ್ನು ಜನ ಕಂಡುಕೊಂಡರು. ಇದು ಸಾಧ್ಯವಾದುದಕ್ಕೆ ಕಾರಣವುಂಟು. ಆ ಉಪಗ್ರಹಗಳ ಅಲೆಯ ಉದ್ದ ಸುಮಾರು 13 ಸೆಂಟಿಮೀಟರು. ಅದರ ನಾಲ್ಕನೆಯ ಒಂದು ಪಾಲು ಮೂರು ಸೆಂಟಿಮೀಟರಿಗೆ ತುಸು ಹೆಚ್ಚು. ಎಫ್.ಎಂ. ಅಲೆಯಾದರೋ ಮೂರು ಮೀಟರಿನಷ್ಟು. ಅದರ ಕಾಲುಭಾಗ 75 ಸೆಂಟಿಮೀಟರು. ಹಳೆಯ ಕಡ್ಡಿಗೆ ಆ ಉದ್ದ ಬಂದದ್ದು ಸೊಗಸಿಗಾಗಿ ಅಲ್ಲ. ಪ್ಲಾಸ್ಟಿಕ್ಕು ಅಲೆಯನ್ನು ಒಳಗೆ ಬಿಡುತ್ತದೆ, ತಗಡು ಬಿಡುವುದಿಲ್ಲ. ಆದ ಕಾರಣ ಉಪಗ್ರಹದ ಅಂಟೆನಾವನ್ನು ಮಾಡಿನ ಮೇಲೆ ಗೂಡಿನಲ್ಲಿಟ್ಟರೆ ಸರಿ, ಮಾಡಿನ ಕೆಳಗಿಟ್ಟರೆ ಕಿವುಡು. ಮರೆಯಾಗಿದ್ದರೂ ಅದಕ್ಕೆ ಆಕಾಶ ಕಾಣುತ್ತಿರಬೇಕು.

ನಮ್ಮ ನಾಡಿಗೂ ಈ ವಿದ್ಯೆ ಬಂದು ಹೋಯಿತು. 2000ದ ಮಾರ್ಚಿಯಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದ ಮೂಲಕ ವರ್ಲ್ಡ್‌ಸ್ಪೇಸ್ ಎಂಬ ಕಂಪನಿ ಭಾರತಕ್ಕೆ ಬಾನುಲಿಯನ್ನು ಇಳಿಸಿತು. ಶಾಸ್ತ್ರೀಯ ಸಂಗೀತಕ್ಕೇ ಬೇರೆ ವಾಹಿನಿಗಳಿದ್ದವು. ಚಂದಾ ಕಟ್ಟಿದವರು ಚಪ್ಪಟೆ ಅಂಟೆನಾವನ್ನು ಕಿಟಕಿಯಲ್ಲಿ ಪೂರ್ವದ ಆಕಾಶಕ್ಕೆ ಮುಖಮಾಡಿ ಇಟ್ಟು ಕೇಳುತ್ತಿದ್ದರು. 2009ರ ಡಿಸೆಂಬರ್ 31ಕ್ಕೆ ಇಲ್ಲಿಯ ಸೇವೆ ನಿಂತಿತು. ಕೊಂಡ ಯಂತ್ರಗಳೆಲ್ಲ ಮೂಕವಾದವು. ಬೇರೆ ಯಾವ ನಿಲಯವನ್ನೂ ಅವುಗಳ ಉಪಗ್ರಹದ ಕಿವಿ ಹಿಡಿಯಲಾರದು. ಒಂದೇ ಕಂಪನಿಯ ಕೈಯಲ್ಲಿರುವ ಆಕಾಶ ಎಷ್ಟರ ಆಸರೆ ಎಂಬ ಪ್ರಶ್ನೆ ಅಂದಿನಿಂದ ಹಾಗೆಯೇ ಉಳಿದಿದೆ.

ಇದಕ್ಕಿಂತ ದೊಡ್ಡದೊಂದು ಮುಚ್ಚಿಟ್ಟ ಅಂಟೆನಾದ ಕಥೆ ಕನ್ನಡನಾಡಿನಲ್ಲಿಯೇ ಇದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 2015ರ ಆಗಸ್ಟ್ 27ರಂದು ಹಾರಿದ ಜಿಸ್ಯಾಟ್-6 ಉಪಗ್ರಹದಲ್ಲಿ ಆರು ಮೀಟರು ಅಗಲದ ಅಂಟೆನಾ ಇತ್ತು. ಅಷ್ಟು ಅಗಲದ್ದು ರಾಕೆಟ್ಟಿನ ಮೂತಿಯೊಳಗೆ ಹಿಡಿಸುವುದುಂಟೇ? ಅದನ್ನು ಕೊಡೆಯ ಹಾಗೆ ಮಡಚಿ ಕಳುಹಿಸಿ, ಮೇಲೆ ಹೋದ ನಂತರ ಹಾಸನದ ನಿಯಂತ್ರಣ ಕೇಂದ್ರದಿಂದ ಆಜ್ಞೆ ಕೊಟ್ಟು ಬಿಚ್ಚಿದರು. ಮೇಲಿನ ಕೊಡೆ ಅಗಲವಾದಷ್ಟೂ ಕೆಳಗಿನ ಅಂಟೆನಾ ಗಿಡ್ಡದಾಗಬಹುದು. ಕೈಯಲ್ಲಿ ಹಿಡಿಯುವ, ಗಾಡಿಯಲ್ಲಿಡುವ ಸಣ್ಣ ಯಂತ್ರಗಳಿಗೆಂದೇ ಅದು ಆಗಿದ್ದು. ಬಚ್ಚಿಡುವುದಾದರೆ ಹೀಗೆ, ಬಿಚ್ಚುವ ಉದ್ದೇಶದಿಂದ ಬಚ್ಚಿಡಬೇಕು.

ನಮ್ಮ ಪೇಟೆಯ ರೆಕ್ಕೆಗಳ ಪಾಡು ಬೇರೆ. ಕಾರಖಾನೆಯಿಂದ ಬಂದವುಗಳ ಒಳಗೆ ಸುರುಳಿ ತಂತಿಯೂ ದನಿ ಹೆಚ್ಚಿಸುವ ಸಣ್ಣ ಸಾಧನವೂ ಇರುತ್ತವೆ. ಗಿಡ್ಡತನದ ಕೊರತೆಯನ್ನು ಅವು ತಕ್ಕಮಟ್ಟಿಗೆ ತುಂಬುತ್ತವೆ. ಅಂಗಡಿಯಲ್ಲಿ ತೂಗುಹಾಕಿ ಮಾರುವ ಅಗ್ಗದ ರೆಕ್ಕೆಗಳಲ್ಲಿ ಅನೇಕವು ಬರಿಯ ಚಿಪ್ಪು. ಕೆಳಗೆ ಅಂಟುಪಟ್ಟಿ, ಒಳಗೆ ಗಾಳಿ. ನಮ್ಮ ಕಾಕಾ ಸೇಡಂ-ಚಿಂಚೋಳಿ ದಾರಿಯಲ್ಲಿ ಪರರ ಕಾರನ್ನು ಬಾಡಿಗೆಗೆ ಓಡಿಸುತ್ತಾರೆ. ಮಾಲೀಕರು ಕಡ್ಡಿಯನ್ನು ತೆಗೆಸಿ ಚಿಪ್ಪು ಅಂಟಿಸಿದರು. ಅಂದಿನಿಂದ ಊರು ದಾಟಿದೊಡನೆ ರೇಡಿಯೋದಲ್ಲಿ ಬರಿಯ ಸುಯ್ ಎಂಬ ಸದ್ದು. "ಬಣ್ಣ ನೋಡಿ ಬಾಡಿಗಿ ಬರ್ತದೇನಪ್ಪಾ?" ಎಂದು ಕಾಕಾ ನನ್ನನ್ನು ಕೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಜಗತ್ತಿನ ಸಕಲ ಪ್ರಶ್ನೆಗಳೂ ನನ್ನ ಪಾಲಿಗೇ ಬರುತ್ತವೆ!

ಹಾಡು ಕೇಳದಿದ್ದರೆ ಮುಳುಗುವುದೇನು ಎಂದು ಮಿತ್ರರು ನಗುತ್ತಾರೆ. ಎಲ್ಲವೂ ಮೊಬೈಲಿನಲ್ಲಿದೆ ಎನ್ನುತ್ತಾರೆ. ಅವರು ಚಿಂಚೋಳಿಯ ಕಾಡಿನಂಚಿನ ತಾಂಡಾಗಳ ಕಡೆಗೆ ಮಳೆಗಾಲದಲ್ಲೊಮ್ಮೆ ಹೋಗಿ ಬರಲಿ. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿ ಹರಿದವು. ಅಂಥ ಹೊತ್ತಿನಲ್ಲಿ ವಿದ್ಯುತ್ತು ಹೋಗುತ್ತದೆ, ಅದರ ಹಿಂದೆಯೇ ಮೊಬೈಲಿನ ಗೋಪುರವೂ ಮಲಗುತ್ತದೆ. ಯಾವ ಸೇತುವೆಯ ಮೇಲೆ ನೀರಿದೆ, ಯಾವ ದಾರಿ ತೆರೆದಿದೆ ಎಂಬುದನ್ನು ದೂರದ ನಿಲಯವೊಂದು ಹೇಳಿದರೆ, ಕಾರಿನ ಬ್ಯಾಟರಿಯಿಂದ ನಡೆಯುವ ರೇಡಿಯೋ ಅದನ್ನು ಕೇಳಿಸಬಲ್ಲದು; ಕಿವಿಯಿದ್ದರೆ ಮಾತ್ರ. ಹೆರಿಗೆಯ ಹೆಂಗಸನ್ನು ಕೂರಿಸಿಕೊಂಡು ರಾತ್ರಿ ಹೊರಟ ಚಾಲಕನಿಗೆ ಅದು ಸಣ್ಣ ಮಾತಲ್ಲ. ಬಾಡಿಗೆ ಕಾರು ನಮ್ಮ ಕಡೆ ಬರಿಯ ಮೋಜಿನ ವಾಹನವಲ್ಲ.

ಆದುದರಿಂದ ಪ್ರಯಾಣಿಕರನ್ನು ಒಯ್ಯುವ ಕಾರುಗಳ ತಪಾಸಣೆಯಲ್ಲಿ ದೀಪ, ಬ್ರೇಕುಗಳ ಜೊತೆಗೆ ರೇಡಿಯೋ ಹಾಡುತ್ತದೆಯೇ ಎಂಬುದನ್ನೂ ನೋಡಬೇಕೆಂದು ನನ್ನ ಅಭಿಪ್ರಾಯ. ಅಂಗಡಿಯವರು ಪೊಳ್ಳು ಚಿಪ್ಪನ್ನು ಅಂಟೆನಾ ಎಂದು ಮಾರಬಾರದು. ಅಲಂಕಾರವೆಂದು ಹೇಳಿಯೇ ಮಾರಲಿ. ಕೊಳ್ಳುವವರು ಚಿಪ್ಪನ್ನು ತಿರುಗಿಸಿ, ಕೆಳಗೆ ತಂತಿಯಿದೆಯೇ ಎಂದು ನೋಡಲಿಕ್ಕೆ ಅರ್ಧ ನಿಮಿಷ ಸಾಕು. ಇನ್ನು, ಉದ್ದ ಕಡ್ಡಿಯನ್ನು ಓಣಿಯ ಹುಡುಗರು ಬಗ್ಗಿಸಿ ಮುರಿಯುತ್ತಾರೆಂಬ ದೂರು ನಿಜವೇ. ಅನೇಕ ಕಾರುಗಳಲ್ಲಿ ಅದು ತಿರುಪಿನ ಕಡ್ಡಿ. ರಾತ್ರಿ ಬಿಚ್ಚಿ ಸೀಟಿನ ಕೆಳಗಿಟ್ಟು, ಬೆಳಿಗ್ಗೆ ಮತ್ತೆ ತಿರುಪಿಕೊಳ್ಳಬಹುದು.