ಜುಗಾರಿಯ ಸೋಲು ಮನಸ್ಸಿನ ಸೋಲಾಗದಿರಲಿ



ಸೋಲು ಮನುಷ್ಯನಿಗೆ ಹೊಸತಲ್ಲ. ಬಾರ್ಕೂರಿನ ಬಯಲಲ್ಲಿ ನಾಟಿ ಮಾಡಿದ ರೈತನ ಗದ್ದೆಗೆ ನೆರೆ ನುಗ್ಗುತ್ತದೆ. ಹಂಗಾರಕಟ್ಟೆಯ ಅಳಿವೆ ದಾಟಿ ಬಲೆ ಬೀಸಿದವನು ಬರಿಗೈಯಲ್ಲಿ ಮರಳುವ ದಿನಗಳೂ ಉಂಟು. ಇಂಥ ಸೋಲನ್ನು ನಮ್ಮ ಹಿರಿಯರು ಕಂಡಿದ್ದಾರೆ, ಉಂಡಿದ್ದಾರೆ, ಅರಗಿಸಿಕೊಂಡಿದ್ದಾರೆ. ಆದರೆ ಈಚಿನ ವರ್ಷಗಳಲ್ಲಿ ಮನೆಯ ಹಿರಿಯರು ತಗ್ಗಿದ ದನಿಯಲ್ಲಿ ನಮ್ಮೊಡನೆ ಹೇಳಿಕೊಳ್ಳುವ ಸೋಲು ಬೇರೆಯೇ ಬಗೆಯದು. ಓದಿದ ಮಗ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಾನೆ. ತಿಂಗಳುಗಟ್ಟಲೆ ಸೋಲುತ್ತಲೇ ಇದ್ದಾನೆ. ಊಟ ಸೇರದು, ನಿದ್ದೆ ಬಾರದು. "ಇವನ ಕೆಟ್ಟ ಕಾಲ ಎಂದಿಗೆ ಮುಗಿದೀತು ಸ್ವಾಮೀ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದರ ಹಿಂದೆ ಅಡವಿಟ್ಟ ಬಂಗಾರವಿದೆ, ತಾಯಿಯ ಕಣ್ಣೀರಿದೆ, ಕೆಲವೊಮ್ಮೆ ಒಂದು ಜೀವದ ಅಳಿವು ಉಳಿವೇ ಇದೆ. ಆದರೆ ಮೊದಲು ಒಂದು ಮಾತು ಸ್ಪಷ್ಟವಾಗಲಿ. ಜುಗಾರಿಯ ಸೋಲಿನ ಸಾಲಿಗೆ ಶನಿಯೂ ಕಾರಣನಲ್ಲ, ಶಿವನ ಮುನಿಸೂ ಕಾರಣವಲ್ಲ. ಅದು ಆಟದ ಸ್ವಭಾವ.

ಕೈಗೆ ಮೊದಲು ಎರಡೇ ಎಲೆ ಹಂಚುವ ಪೋಕರಿನಲ್ಲಿ ಎರಡೂ ಎಕ್ಕ ಬೀಳುವುದು ಸರಾಸರಿ 221 ಸಲಕ್ಕೆ ಒಮ್ಮೆ. ಅದಕ್ಕಿಂತ ಒಳ್ಳೆಯ ಕೈ ಇಲ್ಲ. ಎದುರಿನವನ ಕೈಯಲ್ಲಿ ಎರಡು ರಾಜ ಇದ್ದರೆ, ಕೊನೆಯವರೆಗೆ ಆಡಿದಾಗ ಎಕ್ಕದವನು ಐದರಲ್ಲಿ ಸುಮಾರು ನಾಲ್ಕು ಸಲ ಗೆಲ್ಲುತ್ತಾನೆ, ಒಂದು ಸಲ ಸೋಲುತ್ತಾನೆ. ಅತ್ಯುತ್ತಮ ಕೈಗೇ ಈ ಗತಿಯಾದರೆ ಉಳಿದವುಗಳ ಮಾತೇನು? ಸಾವಿರಾರು ಸಲ ಎಲೆ ಹಂಚುವಲ್ಲಿ ಸಾಲು ಸಾಲಾಗಿ ಸೋಲು ಬಂದರೆ ಅಚ್ಚರಿಯಿಲ್ಲ, ಬಾರದಿದ್ದರೇ ಅಚ್ಚರಿ. ಇನ್ನೊಂದು ಮಾತು. ಹತ್ತು ಸಲ ಸೋತವನಿಗೆ ಹನ್ನೊಂದನೆಯದು ಗೆಲುವಾಗಲೇಬೇಕು ಎನ್ನುವುದು ಮನಸ್ಸು ಹೇಳುವ ಸುಳ್ಳು. ಎಲೆಗೆ ನೆನಪಿಲ್ಲ, ನೀವು ಎಷ್ಟು ಕಳೆದುಕೊಂಡಿರಿ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಸೋಲು ತೀರಲೆಂದು ಹರಕೆ ಹೊರುವುದೂ ಬೇಡ, ಯಂತ್ರ ಕಟ್ಟಿಸುವುದೂ ಬೇಡ.

ಇದು ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ ಎಂದು ತರುಣರು ವಾದಿಸುತ್ತಾರೆ. ಜಾಣ್ಮೆ ಇಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ವರು ತಲಾ 5,000 ರೂಪಾಯಿ ತಂದರು, ಒಟ್ಟು 20,000. ಪ್ರತಿ ಆಟದಲ್ಲಿ ಸೇರುವ ಪಣ 1,000 ರೂಪಾಯಿ, ಅದರಲ್ಲಿ ಆಡಿಸುವವನ ಪಾಲು ನೂರಕ್ಕೆ ಐದು ಎಂದಿಟ್ಟುಕೊಳ್ಳಿ. ನೂರು ಆಟ ಮುಗಿಯುವಷ್ಟರಲ್ಲಿ 5,000 ರೂಪಾಯಿ ಆಡಿಸುವವನ ಪೆಟ್ಟಿಗೆ ಸೇರಿತು. ನಾಲ್ವರೂ ಸಮಾನ ಜಾಣರಾದರೆ ನಾಲ್ವರೂ ಸೋತರು. ಅವರಲ್ಲೊಬ್ಬ ಗೆದ್ದನೆಂದರೆ ಉಳಿದ ಮೂವರ ಮನೆಯ ಅನ್ನ ಅವನ ತಟ್ಟೆಗೆ ಬಂತು ಎಂದೇ ಅರ್ಥ.

ಅಪಾಯಕ್ಕೆ ಒಡ್ಡಿಕೊಳ್ಳುವುದೇ ಪಾಪವೆಂದು ಯಾರೂ ತಿಳಿಯಬಾರದು. ಅಳುಪರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಊರು ಬಾರ್ಕೂರು. ಈ ಊರಿನ ಹೆಸರು ಹೊತ್ತ ಗದ್ಯಾಣ ಶಾಸನಗಳಲ್ಲಿ ಕಾಣಿಸುತ್ತದೆ. ಮುಂದೆ ವೀರಶೈವ ಧರ್ಮದ ಕೆಳದಿ ಅರಸರೂ ಈ ಕರಾವಳಿಯನ್ನು ಆಳಿದರು. ಸಮುದ್ರದ ವ್ಯಾಪಾರವೆಂದರೆ ಗಂಡಾಂತರದ ವ್ಯಾಪಾರ. ಆದರೂ ವರ್ತಕನು ಅಕ್ಕಿ ಕೊಟ್ಟು ಹಣ ಪಡೆದ; ಕೊಂಡವನ ಮನೆಯಲ್ಲಿ ಒಲೆ ಉರಿಯಿತು. ರೈತ ಒಂದು ವರ್ಷ ಸೋತರೂ ಮಣ್ಣು ಉಳಿಯುತ್ತದೆ, ದುಡಿದ ಕೈಯ ಅನುಭವ ಉಳಿಯುತ್ತದೆ. ಕಾಯಕದ ಸೋಲಿನಲ್ಲಿ ಮುಂದಿನ ಬೆಳೆಯ ಬೀಜವಿದೆ. ಜುಗಾರಿಯ ಸೋಲಿನಲ್ಲಿ ಮುಂದಿನ ಜುಗಾರಿಯ ಬೀಜ ಮಾತ್ರವಿದೆ.

ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಬಲ್ಲಿರಿ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಆಸೆ ನಮಗೇಕೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಮನೆಗೆ ಬರುವ ಹಣ ಎಲ್ಲಿಂದ ಬಂತು ಎಂದು ಕೇಳುವ ಆ ಲಕ್ಕಮ್ಮ ಇಂದು ಪ್ರತಿ ಮನೆಗೂ ಬೇಕು. ಮಗ ಗೆದ್ದು ತಂದ ದಿನ ಸುಮ್ಮನಿದ್ದು, ಸೋತ ದಿನ ಮಾತ್ರ ಬೈದರೆ ಆ ಬೈಗುಳಕ್ಕೆ ಬೆಲೆಯಿಲ್ಲ.

ಸೋಲಿನಲ್ಲಿ ಸಮಚಿತ್ತ ಬೇಕು ಎಂದು ಶಾಸ್ತ್ರ ಹೇಳುತ್ತದೆ. ಇದೇ ಮಾತನ್ನು ಇಂದು ಜೂಜುಗಾರರೂ ಹೇಳುತ್ತಾರೆ: ಸಿಟ್ಟಾಗಬೇಡ, ತಾಳ್ಮೆಯಿಂದ ಆಡುತ್ತಿರು, ಕಾಲ ಬದಲಾಗುತ್ತದೆ ಎಂದು. ಸಿಟ್ಟಿನಲ್ಲಿ ಆಡಿದವನು ಇನ್ನಷ್ಟು ಸೋಲುತ್ತಾನೆ ಎಂಬುದೇನೋ ನಿಜ. ಆದರೆ ಮತ್ತೆ ಪಣ ಕಟ್ಟಲೆಂದು ತಂದುಕೊಂಡ ಶಾಂತಿ ಶಾಂತಿಯಲ್ಲ. ಹೋದದ್ದು ಹೋಯಿತೆಂದು ಎಲೆ ಕೆಳಗಿಟ್ಟು ಏಳಬಲ್ಲವನದೇ ನಿಜವಾದ ಸಮಚಿತ್ತ. ಧರ್ಮರಾಯನಂಥ ಧರ್ಮರಾಯನಿಗೂ ಇದು ಸಾಧ್ಯವಾಗಲಿಲ್ಲ. ಮೊದಲ ದ್ಯೂತದಲ್ಲಿ ಸೋತದ್ದೆಲ್ಲವೂ ಧೃತರಾಷ್ಟ್ರನ ಮಾತಿನಿಂದ ಮರಳಿ ಬಂದಿತ್ತು. ಆದರೂ ಎರಡನೆಯ ಕರೆಗೆ ಅವನು ಓಗೊಟ್ಟ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಬಂದದ್ದು ಆ ಎರಡನೆಯ ಆಟದಿಂದ. ಸೋತದ್ದನ್ನು ಮರಳಿ ಪಡೆಯುವ ಆಸೆಯೇ ಸೋಲಿಗಿಂತ ದೊಡ್ಡ ಶತ್ರು.

ಸರಕಾರಗಳೂ ಸುಮ್ಮನೆ ಕುಳಿತಿಲ್ಲ. ಲಾಟರಿ ನಮ್ಮ ರಾಜ್ಯದಲ್ಲಿ 2007ರಲ್ಲಿ ನಿಂತದ್ದನ್ನು ಹಿರಿಯರು ಬಲ್ಲರು. ಆನ್‌ಲೈನ್ ಜೂಜಿನ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡವೆಂದು ಅದರಲ್ಲಿದೆ, ಆಡಿದವನಿಗೆ ಶಿಕ್ಷೆಯಿಲ್ಲ. ಆದ್ದರಿಂದ ಸೋತ ಮಗ ಪೊಲೀಸರಿಗೆ ಅಂಜಿ ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಆದರೆ ಕಾನೂನು ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಆಸೆ ಕಿಂಡಿ ಕೊರೆಯುತ್ತದೆ. ಹೊರದೇಶದಲ್ಲಿ ಕುಳಿತು ಕದ್ದು ಆಡಿಸುವವರ ಕೈಗೆ ಹೋದ ಹಣ ಮರಳಿ ಬರುವುದು ದುರ್ಲಭ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ಅವಮಾನ ಮಾಡಬೇಡಿ. ಜಗಲಿಯಲ್ಲಿ ನಾಲ್ಕು ಜನರೆದುರು ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಪೂರ್ತಿ ಬರೆಸಿ. ಬಚ್ಚಿಟ್ಟ ಸಾಲವೇ ಪ್ರಾಣ ಹಿಂಡುವುದು. ಎರಡನೆಯದಾಗಿ, ಗುಟ್ಟಾಗಿ ಬಂಗಾರ ಮಾರಿ ಸಾಲ ತೀರಿಸಿ ಮತ್ತೆ ಮೊದಲಿನಂತೆ ಬಿಡಬೇಡಿ. ಕೆಲವು ಕಾಲ ಬ್ಯಾಂಕಿನ ವ್ಯವಹಾರ ಮನೆಯ ಇನ್ನೊಬ್ಬರ ಕೈಯಲ್ಲಿರಲಿ; ಸಾಲ ಅವನ ದುಡಿಮೆಯಿಂದಲೇ ಕಂತುಕಂತಾಗಿ ತೀರಲಿ. ಮೂರನೆಯದಾಗಿ, ಇದನ್ನು ಬರಿಯ ದುರ್ಬುದ್ಧಿಯೆಂದು ಭಾವಿಸಬೇಡಿ. ಬಿಡಲಾರದ ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಉಡುಪಿ, ಮಣಿಪಾಲಗಳಲ್ಲಿ ಮನೋವೈದ್ಯರಿದ್ದಾರೆ; ಬೆಂಗಳೂರಿನ ನಿಮ್ಹಾನ್ಸ್ ಇದೆ. ಬದುಕೇ ಬೇಡವೆಂಬ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡಬೇಡಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ. ವೈದ್ಯರ ಬಳಿ ಹೋಗುವುದು ಭಕ್ತಿಗೆ ಕೊರತೆಯಲ್ಲ.

ಸೋತ ತರುಣನಿಗೂ ಒಂದು ಮಾತು. ತಮ್ಮಾ, ಕಳೆದದ್ದು ಹಣ. ನಿನ್ನ ಯೋಗ್ಯತೆಯನ್ನು ಆ ಎಲೆಗಳು ಅಳೆಯಲಾರವು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿ ನೆಡುವುದನ್ನು ಗುರು ನಿನಗೆ ಕಲಿಸಿದ್ದಾನೆ. ಅದೇ ಅಂಗೈಯನ್ನು ಇಷ್ಟು ದಿನ ಮೊಬೈಲು ತುಂಬಿತ್ತು. ಹಣ ಮರಳಲೆಂದು ಬೇಡುವ ಪೂಜೆ ಬೇಡ. ಓಡುವ ಮನಸ್ಸು ಒಂದು ಗಳಿಗೆ ನಿಲ್ಲಲೆಂದು ಕುಳಿತುಕೋ. ಆಮೇಲೆ ಎದ್ದು ಕಾಯಕಕ್ಕೆ ಹೋಗು. ದಿನದ ಕೂಲಿ ನೂರೇ ಆಗಲಿ, ಅದರ ಹಿಂದೆ ಯಾರ ನಿಟ್ಟುಸಿರೂ ಇರುವುದಿಲ್ಲ. ಆ ಹಣ ತಂದ ರಾತ್ರಿ ನಿದ್ದೆ ತಾನಾಗಿ ಬರುತ್ತದೆ.

ಮನೆಮನೆಯ ಹಿರಿಯರಿಗೆ ತಾಳ್ಮೆಯನ್ನೂ ಕಿರಿಯರಿಗೆ ಎದ್ದು ನಿಲ್ಲುವ ಬಲವನ್ನೂ ಪರಶಿವನು ಕರುಣಿಸಲಿ ಎಂದು ಹಾರೈಸುತ್ತೇವೆ.