ಪತ್ತೇದಾರನನ್ನೇ ಪತ್ತೆಹಚ್ಚುವವರು

ಪತ್ತೇದಾರಿ ಚಿತ್ರದ ಸ್ವಾರಸ್ಯವೆಲ್ಲ ಅಪರಾಧಿ ಯಾರೆಂದು ತಿಳಿಯುವವರೆಗೆ ಮಾತ್ರ ಎಂದು ಹೇಳುವುದುಂಟು. ಹಾಗಿದ್ದರೆ, ಕಥೆಯ ಗುಟ್ಟು ಊರಿಗೆಲ್ಲ ತಿಳಿದು ದಶಕಗಳೇ ಕಳೆದ ಮೇಲೂ ಅಂಥ ಚಿತ್ರದ ಭಿತ್ತಿಪತ್ರಕ್ಕಾಗಿ, ಹಾಡಿನ ಪುಸ್ತಕಕ್ಕಾಗಿ ಸಂಗ್ರಾಹಕರು ಅಲೆಯುವುದೇಕೆ?

ನಮ್ಮ 'ಜೇಡರ ಬಲೆ'ಯನ್ನೇ ನೋಡಿ. 1968ರಲ್ಲಿ ದೊರೈ–ಭಗವಾನ್ ಜೋಡಿಯು ಜೇಮ್ಸ್ ಬಾಂಡನ ಅಚ್ಚಿನಲ್ಲಿ ಕನ್ನಡಕ್ಕೊಬ್ಬ ಸಾಹಸಿಯನ್ನು ಎರಕ ಹೊಯ್ದಿತು. ಸಿ.ಐ.ಡಿ. 999 ಆಗಿ ಸೂಟುಬೂಟು ತೊಟ್ಟ ರಾಜಕುಮಾರರು 1954ರ 'ಬೇಡರ ಕಣ್ಣಪ್ಪ'ದಲ್ಲಿ ಬಿಲ್ಲು ಹಿಡಿದು ನಾಯಕರಾದವರು. ಅದಕ್ಕೂ ಮುನ್ನ ತಂದೆಯೊಡನೆ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಮಂಡಳಿಯ ರಂಗದಿಂದ ಪಿಸ್ತೂಲಿನ ಪತ್ತೇದಾರನವರೆಗಿನ ಈ ದಾರಿಯು ತುಮಕೂರು ಸೀಮೆಯವರಿಗೆ ಮನೆಯ ಮಾತೇ ಅಲ್ಲವೆ?

ಇನ್ನು ಆ ಕಾಲದ ಹಾಡಿನ ಪುಸ್ತಕದ ಸೊಗಸು ಬೇರೆ. ಬೆರಳೆಣಿಕೆಯ ಹಾಳೆಗಳು, ತಾರಾಗಣ, ಹಾಡು, ಕಥಾಸಾರ. ಕಥೆ ಕುತೂಹಲದ ಘಟ್ಟಕ್ಕೆ ಬಂದೊಡನೆ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ನಿಂತುಬಿಡುವುದೇ ಅದರ ವಾಡಿಕೆ. ಆಟ ಮುಗಿದ ಮೇಲೆ ಅದನ್ನು ಜೋಪಾನಮಾಡಿದವರು ಕೆಲವರೇ. ಅಂದು ಎಲ್ಲರೂ ಎಸೆದುದರಿಂದಲೇ ಇಂದು ಅದು ಅಪರೂಪದ ವಸ್ತುವಾಗಿದೆ.

ಕಾಗದಕ್ಕೆ ಮಾತ್ರವಲ್ಲ, ಚಿತ್ರದ ಸುರುಳಿಗೂ ಇದೇ ಗತಿ. ಷರ್ಲಾಕ್ ಹೋಮ್ಸನ ಕಥೆಗಳನ್ನು ನಾಟಕವಾಗಿಸಿ, ಅವನ ಪಾತ್ರದಿಂದಲೇ ಹೆಸರಾದ ವಿಲಿಯಂ ಜಿಲೆಟ್ ಎಂಬ ನಟ 1916ರಲ್ಲಿ ಆ ನಾಟಕದ ಮೂಕಚಿತ್ರದಲ್ಲಿಯೂ ನಟಿಸಿದ. ಚಿತ್ರ ಕಳೆದೇಹೋಯಿತೆಂದು ಅಭಿಮಾನಿಗಳು ಆಸೆ ಬಿಟ್ಟಿದ್ದರು. 2014ರಲ್ಲಿ ಅದು ಸಿಕ್ಕಿತು, ಎಲ್ಲಿ? ಪ್ಯಾರಿಸಿನ ಹೆಸರಾಂತ ಚಿತ್ರಭಂಡಾರವೊಂದರಲ್ಲಿಯೇ! ಮಹಾ ಪತ್ತೇದಾರನನ್ನು ಪತ್ತೆಹಚ್ಚಲು ಒಂದು ಶತಮಾನವೇ ಹಿಡಿಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ಗೆ ಅಂಥ ಭಾಗ್ಯ ಇನ್ನೂ ಒದಗಿಲ್ಲ. ಅದರ ಪ್ರತಿ ನಮಗೆ ಉಳಿದಿಲ್ಲ.

ಆದ್ದರಿಂದ ತುಮಕೂರು, ಗುಬ್ಬಿ, ಕುಣಿಗಲ್ಲಿನ ಗೃಹಿಣಿಯರಲ್ಲಿ ಒಂದು ವಿನಂತಿ. ಹಬ್ಬಕ್ಕೆ ಅಟ್ಟ ಗುಡಿಸುವಾಗ ಹಳೆಯ ಟ್ರಂಕಿನ ತಳದ ಕಾಗದಗಳನ್ನು ರದ್ದಿಯವನ ತಕ್ಕಡಿಗೆ ಸುರಿಯುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಸಿನಿಮಾದ ಕಾಗದ ಕಂಡರೆ ಅಂಟು ಹಚ್ಚಬೇಡಿ, ಮಡಿಸಬೇಡಿ. ತೇವವಿಲ್ಲದ ಕಡೆ ಇಡಿ. ಯಾವ ಊರಿನ ಯಾವ ಟಾಕೀಸಿನಲ್ಲಿ ಕೊಂಡದ್ದೆಂದು ಹಿರಿಯರನ್ನು ಕೇಳಿ ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡಿ. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಸುರುಳಿಗಳೊಂದಿಗೆ ಭಿತ್ತಿಪತ್ರ, ಹಾಡಿನ ಪುಸ್ತಕಗಳಿಗೂ ಸ್ಥಾನವುಂಟು.

ಅಪರಾಧಿ ಯಾರೆಂಬುದು ಸಂಗ್ರಾಹಕನಿಗೆ ಗೊತ್ತು. ಸಾಕ್ಷ್ಯ ಯಾರ ಮನೆಯ ಅಟ್ಟದಲ್ಲಿದೆ ಎಂಬುದಷ್ಟೇ ಅವನಿಗೆ ತಿಳಿಯಬೇಕಾಗಿದೆ.